ಜೊತೆಯವರ ಕಾಲು ಉಳುಕಿದಾಗ

ಬೆಂಗಳೂರಿನ ಪಶ್ಚಿಮ ಬಡಾವಣೆಗಳ ಭಕ್ತಾದಿಗಳಿಗೆ ಬೆಟ್ಟಗಳು ದೂರವೇನಲ್ಲ. ಕೆಂಗೇರಿ ಕಡೆಯವರು ಮೈಸೂರು ರಸ್ತೆ ಹಿಡಿದು ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗುತ್ತಾರೆ. ವಿಜಯನಗರ, ಬಸವೇಶ್ವರನಗರದವರಿಗೆ ಮಾಗಡಿ ರಸ್ತೆಯಲ್ಲಿ ಸಾವನದುರ್ಗ ಇದೆ. ರಾಜಾಜಿನಗರದವರು ತುಮಕೂರು ರಸ್ತೆಯಲ್ಲಿ ನೆಲಮಂಗಲ, ದಾಬಸ್‌ಪೇಟೆ ಮಾರ್ಗವಾಗಿ ಶಿವಗಂಗೆಗೆ ಬರುತ್ತಾರೆ. ಒಂಟಿಯಾಗಿ ಬರೋರು ಕಡಿಮೆ. ಬೀದಿಯವರು, ಆಫೀಸಿನವರು, ಭಜನಾ ಮಂಡಳಿಯವರು ಒಂದು ಟೆಂಪೊ ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು ಬೆಳಗಿನ ಜಾವಕ್ಕೇ ಹೊರಟುಬಿಡುತ್ತಾರೆ.

ಅಂಥ ಹನ್ನೆರಡು ಜನರ ಗುಂಪೊಂದು ಶಿವಗಂಗೆಯಲ್ಲಿ ಒಳಕಲ್ಲು ತೀರ್ಥ ದಾಟಿ ಮೇಲಕ್ಕೆ ಹೊರಟಿದೆ ಎಂದಿಟ್ಟುಕೊಳ್ಳೋಣ. ಅಲ್ಲಿಂದ ಮುಂದೆ ಏರು ಕಡಿದು, ಬಂಡೆಯಲ್ಲೇ ಕಡೆದ ಮೆಟ್ಟಿಲು, ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ವಯಸ್ಸಾದ ಒಬ್ಬರ ಕಾಲು ಹೊರಳಿತು. ಕೂತರು. ಪಾದದ ಗಂಟು ನೋಡ್ತಾ ನೋಡ್ತಾ ಊದಿತು. ಅವರ ಬಾಯಿಂದ ಬರುವ ಮೊದಲನೇ ಮಾತೇನು? "ಏನೂ ಆಗಿಲ್ಲ, ನೀವೆಲ್ಲ ನಡೀರಿ, ನಾನಿಲ್ಲೇ ಕೂತಿರ್ತೀನಿ." ಉಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಅವರೇ ಹೇಳಿದರಲ್ಲ, ಹೋಗಬಹುದೇ? ಹರಕೆ ಹೊತ್ತು ಬಂದವರು ಅರ್ಧಕ್ಕೇ ಇಳಿದರೆ ದೋಷವಲ್ಲವೇ?

ಆ ಮಾತನ್ನು ಅಪ್ಪಣೆ ಅಂತ ತಿಳಿಯಬಾರದು. ಅದರಲ್ಲಿ ಅರ್ಧ ನೋವು, ಅರ್ಧ ಸಂಕೋಚ. ತನ್ನೊಬ್ಬನಿಂದ ಎಲ್ಲರ ಯಾತ್ರೆ ಕೆಟ್ಟಿತಲ್ಲ ಅನ್ನೋ ಭಾರ ಅವರನ್ನು ಹಾಗೆ ಆಡಿಸುತ್ತದೆ. ಎಷ್ಟೋ ಸಲ ಕೆಳಗಿನ ಮೆಟ್ಟಿಲುಗಳಲ್ಲೇ ಕಾಲು ನೊಂದಿರುತ್ತದೆ, ಎದೆ ಹಿಡಿದ ಹಾಗೆ ಆಗಿರುತ್ತದೆ. ಗುಂಪು ತನಗಾಗಿ ನಿಲ್ಲಬೇಕಾಗುತ್ತೆ ಅಂತ ಬಾಯಿ ಬಿಟ್ಟಿರುವುದಿಲ್ಲ. ಒಬ್ಬರೇ ಬಂದಿದ್ದರೆ ಆಗಲೇ ಒಂದು ಕಲ್ಲಿನ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದರು. ಅಂದಮೇಲೆ ಮುಂದೆ ಮುಂದೆ ಓಡಿದ ಹುಡುಗರ ಪಾಲೂ ಆ ಉಳುಕಿನಲ್ಲಿ ಸ್ವಲ್ಪ ಇದ್ದೇ ಇದೆ.

ಇದಕ್ಕಿಂತ ಬೇಸರದ ಸಂಗತಿ ಎಂದರೆ ಒಂದು ಲೋಟ ನೀರು ಕೊಡುವ ಮೊದಲೇ ಕಾರಣ ಹುಡುಕುವುದು. "ಆ ಚಪ್ಪಲಿ ಬೇಡ ಅಂದಿದ್ದೆ." "ಹೊರಡುವಾಗ ಯಾರೋ ಸೀನಿದರು." "ಮನೇಲಿ ಸೂತಕ ಇತ್ತೋ ಏನೋ." ಈ ಚಾಳಿ ಬಹಳ ಹಳೆಯದು. ಮಹಾಪ್ರಸ್ಥಾನದಲ್ಲಿ ಪಾಂಡವರು ನಡೆದು ಹೋಗುವಾಗ ಮೊದಲು ದ್ರೌಪದಿ ಬೀಳುತ್ತಾಳೆ. (ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ಮುಂದಿನ ಪರ್ವಗಳನ್ನು ಕನ್ನಡದಲ್ಲಿ ತಿಮ್ಮಣ್ಣ ಕವಿ ಹೇಳಬೇಕಾಯಿತು.) ಇವಳೇಕೆ ಬಿದ್ದಳು ಎಂದು ಭೀಮ ಕೇಳುತ್ತಾನೆ. ಅರ್ಜುನನ ಮೇಲೆ ಅವಳಿಗೆ ಪಕ್ಷಪಾತವಿತ್ತು ಎಂದು ಧರ್ಮರಾಯ ದೋಷ ಹೇಳಿ, ತಿರುಗಿ ನೋಡದೆ ನಡೆಯುತ್ತಾನೆ. ಸಹದೇವ, ನಕುಲ, ಅರ್ಜುನ, ಕಡೆಗೆ ಕೇಳುತ್ತಿದ್ದ ಭೀಮನೇ ಬಿದ್ದಾಗಲೂ ಹಾಗೇ, ಒಬ್ಬೊಬ್ಬರಿಗೂ ಒಂದೊಂದು ದೋಷ.

ಧರ್ಮರಾಯನೇ ನಿಲ್ಲಲಿಲ್ಲ, ನಾವೇಕೆ ನಿಲ್ಲಬೇಕು ಎಂದು ವಾದಿಸುವವರುಂಟು. ಆದರೆ ಅವರು ಹೊರಟದ್ದು ರಾಜ್ಯವನ್ನು ಪರೀಕ್ಷಿತನಿಗೆ ಒಪ್ಪಿಸಿ, ದೇಹ ಬಿಡುವುದಕ್ಕೆ. ಭಾನುವಾರ ಸಂಜೆ ವಾಪಸು ಮನೆ ಸೇರಬೇಕಾದವರಿಗೆ ಅದು ಲೆಕ್ಕಕ್ಕೆ ಬರುವುದಿಲ್ಲ. ಕಥೆ ಅಲ್ಲಿಗೇ ಮುಗಿಯುವುದೂ ಇಲ್ಲ. ಇಂದ್ರ ರಥ ತಂದಾಗ, ಜೊತೆಗೆ ಬಂದ ನಾಯಿಯನ್ನು ಬಿಟ್ಟು ಹತ್ತಲಾರೆ ಎಂದವನೂ ಅವನೇ. ಸ್ವರ್ಗಾರೋಹಣ ಪರ್ವದಲ್ಲಿ ನರಕದೊಳಗಿಂದ ತಮ್ಮಂದಿರ, ದ್ರೌಪದಿಯ ದನಿ ಕೇಳಿಸಿದಾಗ, ತಾನು ಇಲ್ಲಿರುವುದರಿಂದ ಇವರಿಗೆ ಸಮಾಧಾನವಾಗುವುದಾದರೆ ಇಲ್ಲೇ ಇರುತ್ತೇನೆಂದು ನಿಂತುಬಿಟ್ಟ. ದಾರಿಯಲ್ಲಿ ದೋಷ ಎಣಿಸಿದವನು ಅಲ್ಲಿ ಯಾರ ದೋಷವನ್ನೂ ಎತ್ತಲಿಲ್ಲ.

ನಿಲ್ಲುವುದು ಅಂದರೆ ಹನ್ನೆರಡು ಜನವೂ ಮುತ್ತಿಕೊಂಡು ಗಾಳಿ ತಡೆಯುವುದಲ್ಲ. ಸಮಾಧಾನಸ್ಥರು ಇಬ್ಬರು ಮೂವರು ಹತ್ತಿರ ಇದ್ದರೆ ಸಾಕು. ಉಳುಕಿದ ಜಾಗವನ್ನು ನೀವಬಾರದು, ಎಳೆಯಬಾರದು. ಎಣ್ಣೆ ಹಚ್ಚಿ ತಿಕ್ಕಿದರೆ ಬಾವು ಹೆಚ್ಚುತ್ತದೆ. ತಣ್ಣೀರಲ್ಲಿ ನೆನೆಸಿದ ಬಟ್ಟೆ ಇಟ್ಟು, ಟವಲನ್ನು ಹದವಾಗಿ ಸುತ್ತಿ, ಚೀಲದ ಮೇಲೆ ಕಾಲು ಎತ್ತರಿಸಿ ಇಡುವುದು. ನಾಲ್ಕು ಹೆಜ್ಜೆ ಊರಲಾಗದಿದ್ದರೆ ಮೂಳೆ ಮುರಿದಿದೆ ಎಂದೇ ತಿಳಿದು, ಛತ್ರಿ ಇಲ್ಲವೇ ಕೋಲನ್ನು ಪಕ್ಕಕ್ಕಿಟ್ಟು ಕಟ್ಟಿ, ನಡೆಸದೆ ಹೊತ್ತು ಇಳಿಸಬೇಕು. ರಕ್ತ ಸುರಿಯುತ್ತಿದ್ದರೆ ಶುದ್ಧವಾದ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಬೇಕು. ತಲೆಗೋ ಬೆನ್ನಿಗೋ ಪೆಟ್ಟಾಗಿದ್ದರೆ ಅಲುಗಿಸಬಾರದು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರಾಗಲಿ ತೀರ್ಥವಾಗಲಿ ಹಾಕಬಾರದು, ಉಸಿರಾಟದ ಕೊಳವೆಗೆ ಹೋದೀತು. ಆಂಬ್ಯುಲೆನ್ಸಿಗೆ 108. ಈ ಸೇವೆ ಕರ್ನಾಟಕದಲ್ಲಿ 2008ರಲ್ಲಿ ಶುರುವಾಯಿತು, ದುಡ್ಡು ಕೊಡಬೇಕಾಗಿಲ್ಲ. ಆದರೆ ಆ ಗಾಡಿ ಮೆಟ್ಟಿಲು ಹತ್ತುವುದಿಲ್ಲ. ಅದಕ್ಕೇ ಒಬ್ಬರು ಕೆಳಗಿಳಿದು ಜನ ಕೂಡಿಸಬೇಕು, ಯಾವ ಜಾಗ ಎಂದು ಗುರುತು ಹೇಳಬೇಕು.

ಹೀಗೆ ಇಳಿದು ಹೋಗುವವರು ಬಿಟ್ಟು ಹೋದ ಹಾಗಲ್ಲ. 2022ರ ಫೆಬ್ರುವರಿಯಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯ ಮಲಂಪುಳ ಹತ್ತಿರದ ಬೆಟ್ಟದಲ್ಲಿ ಒಬ್ಬ ಯುವಕ ಜಾರಿ, ಕಾಲಿಗೆ ಪೆಟ್ಟಾಗಿ, ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡ. ಸ್ನೇಹಿತರು ಮೇಲೆತ್ತಲು ನೋಡಿದರು, ಆಗಲಿಲ್ಲ. ಇಳಿದು ಬಂದು ಸುದ್ದಿ ಮುಟ್ಟಿಸಿದರು. ಬೆಂಗಳೂರಿನ ಪ್ಯಾರಾಚೂಟ್ ರೆಜಿಮೆಂಟಿನ ಕೇಂದ್ರದಿಂದಲೂ ಸೈನಿಕರು ಹೋಗಿದ್ದರು. ನಲವತ್ತು ಗಂಟೆಗೂ ಮೇಲಾದ ನಂತರ ಅವನನ್ನು ಜೀವಂತ ಎತ್ತಿದರು. ಸ್ನೇಹಿತರು ಸುತ್ತ ಕೂತು ಅಳುತ್ತಾ ಇದ್ದಿದ್ದರೆ?

ಇನ್ನು ಹರಕೆಯ ಮಾತು. ಶಿವಗಂಗೆಯಲ್ಲಿ ಗಂಗಾಧರೇಶ್ವರ ಸ್ವಾಮಿ ಇರುವುದು ತುದಿಯಲ್ಲಿ ಅಲ್ಲ, ಬೆಟ್ಟದ ಕೆಳಭಾಗದ ಗವಿಯಲ್ಲಿ. ಹೊನ್ನಾದೇವಿ ಅಮ್ಮನವರ ಗುಡಿಯೂ ಕೆಳಗೇ ಇದೆ. ತಪ್ಪಿದ್ದು ಮೇಲಿನ ಕಲ್ಲು ಬಸವಣ್ಣ ಮತ್ತು ತುದಿಯ ಗಾಳಿ. ಅದನ್ನು ಇನ್ನೊಂದು ಸೋಮವಾರ ನೋಡಬಹುದು. ಮೇಲೆ ಹೋಗಲೇಬೇಕು ಅನ್ನುವವರಿದ್ದರೆ, ನೊಂದವರನ್ನು ಟೆಂಪೊದೊಳಗೆ ಕೂರಿಸಿ, ಜೊತೆಗೆ ಒಬ್ಬರನ್ನು ಬಿಟ್ಟ ಮೇಲೆ ಹೋಗಲಿ. ನೋವು ತಡೆಯುವ ಹಾಗಿದ್ದರೆ ಅವರನ್ನು ಹಿಡಿದುಕೊಂಡು ಗವಿಯವರೆಗೆ ಕರೆದೊಯ್ದು ಮಂಗಳಾರತಿ ಕೊಡಿಸಬಹುದು. ಕಾಲು ಕಪ್ಪಾಗಿ ಊದಿದ್ದರೆ ಅದೂ ಬೇಡ, ನೇರವಾಗಿ ಆಸ್ಪತ್ರೆಗೆ ಹೊರಡುವುದು. ಪ್ರಸಾದವನ್ನು ಜೊತೆಯವರು ತಂದು ಕೊಡುತ್ತಾರೆ.