ಹಡಗಿನ ಮೇಲೆ ಪ್ರಾಯಶ್ಚಿತ್ತ ಯಾರದು?

ಸಮುದ್ರ ದಾಟಿದರೆ ದೋಷವೇ ಎಂಬ ಪ್ರಶ್ನೆ ಸತ್ತು ನೂರು ವರ್ಷ ಆಯಿತು ಎಂದು ತಿಳಿದವರೇ ಹೆಚ್ಚು. ನನಗೆ ಹಾಗೆ ಅನಿಸುವುದಿಲ್ಲ. ಬೆಳಗಾವಿಯಿಂದ ಈಗ ಮನೆಮಂದಿಯೆಲ್ಲ ಕೂಡಿ ಮುಂಬೈಗೆ ಹೋಗಿ ಕ್ರೂಸ್ ಹಡಗು ಹತ್ತುತ್ತಾರೆ. ಗೋವಾ, ಲಕ್ಷದ್ವೀಪ ನೋಡಿಕೊಂಡು ಬಂದು ಈಜುಕೊಳದ ಫೋಟೋ ತೋರಿಸುತ್ತಾರೆ. ದೋಷದ ಮಾತನ್ನು ಯಾರೂ ಎತ್ತುವುದಿಲ್ಲ. ನನ್ನನ್ನು ಮಾತ್ರ ಖಾನಾಪುರದ ನಮ್ಮ ಭಾವ ಕೇಳಿದರು.

ಭಾವ ಎಂದರೆ ನಮ್ಮ ಯಜಮಾನರ ಅಣ್ಣ. ಪರ್ವದಿನಗಳಲ್ಲಿ ಅಸೋಗಾದ ರಾಮಲಿಂಗೇಶ್ವರನ ಹತ್ತಿರ ಮಲಪ್ರಭೆಯಲ್ಲಿ ಮುಳುಗೆದ್ದು ಬಂದೇ ಬಾಯಿಗೆ ನೀರು ಹಾಕುವವರು. ಜನವರಿಯಲ್ಲಿ ನಾನು ಮಗಳು, ಅಳಿಯ, ಮೊಮ್ಮಗನ ಜೊತೆ ಹಡಗಿನಲ್ಲಿ ಹೋಗಿ ಬಂದಿದ್ದೆ. ಮಾಘದಲ್ಲಿ ಮಾವನವರ ಶ್ರಾದ್ಧ. ಅಡಿಗೆ ಯಾವಾಗಲೂ ನನ್ನದೇ. ಭಾವ ಮೆಲ್ಲಗೆ ಕೇಳಿದರು: ‘ಈ ಸಲ ಮಡಿಲೆ ನೀ ಮಾಡಬಹುದೇನವಾ? ನನಗ ತಿಳೀವಲ್ದು, ಅದಕ್ಕ ಕೇಳ್ಲಿಕತ್ತೀನಿ.’ ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿ ತಿಳಿಯದೆ ಕೇಳಿದ್ದು. ಹಾಗೆ ಕೇಳಿದವರಿಗೆ ನಕ್ಕು ಉತ್ತರ ಕೊಡಬಾರದು.

ಅವರ ಕೈಯಲ್ಲಿ ಆಧಾರವಿತ್ತು. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಶ್ರಾದ್ಧಕ್ಕೆ ಕರೆಯಬಾರದವರ ಪಟ್ಟಿ ಇದೆ. ಮನೆಗೆ ಬೆಂಕಿ ಇಟ್ಟವನು, ವಿಷ ಹಾಕಿದವನು ಇರುವ ಸಾಲಿನಲ್ಲೇ ಸಮುದ್ರಯಾನ ಮಾಡಿದವನೂ ಇದ್ದಾನೆ. ಬೌಧಾಯನ ಧರ್ಮಸೂತ್ರ ಇನ್ನೂ ಬಿಗಿ. ಪತನಕ್ಕೆ ಕಾರಣವಾಗುವ ಕರ್ಮಗಳಲ್ಲಿ ಸಮುದ್ರಯಾನವನ್ನೇ ಮೊದಲು ಹೆಸರಿಸುತ್ತದೆ. ಇಟ್ಟ ನ್ಯಾಸವನ್ನು ನುಂಗುವುದು, ಹೊಲದ ವಿಷಯದಲ್ಲಿ ಸುಳ್ಳು ಹೇಳುವುದು ಅದರ ನಂತರ ಬರುತ್ತವೆ. ಪ್ರಾಯಶ್ಚಿತ್ತ ಮೂರು ವರ್ಷದ್ದು: ನಾಲ್ಕನೆಯ ಊಟದ ಹೊತ್ತಿಗೊಮ್ಮೆ ಸ್ವಲ್ಪ ಉಣ್ಣಬೇಕು, ಮೂರು ಹೊತ್ತು ಮೀಯಬೇಕು, ಹಗಲೆಲ್ಲ ನಿಂತಿರಬೇಕು, ರಾತ್ರಿಯೆಲ್ಲ ಕೂತಿರಬೇಕು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅದೇ ಮನು ಎಂಟನೆಯ ಅಧ್ಯಾಯದಲ್ಲಿ ಸಮುದ್ರಯಾನ ಬಲ್ಲವರು ಗೊತ್ತುಮಾಡಿದ ಬಡ್ಡಿಯನ್ನು ಒಪ್ಪುತ್ತಾನೆ, ನಾವೆಯ ಬಾಡಿಗೆಯ ಮಾತನ್ನೂ ಆಡುತ್ತಾನೆ. ಅಂದರೆ ಹಡಗುಗಳು ಹೋಗುತ್ತಿದ್ದವು, ಬರುತ್ತಿದ್ದವು, ಶಾಸ್ತ್ರಕ್ಕೆ ಅದು ಗೊತ್ತಿತ್ತು. ಹಾಗಾದರೆ ಹೆದರಿಕೆ ಯಾತರದು? ಉಪ್ಪುನೀರಿನದಲ್ಲ ಎಂದು ನನ್ನ ಎಣಿಕೆ. ಗೃಹಸ್ಥನಿಗೆ ದಿನಾ ಐದು ಯಜ್ಞ: ದೇವರಿಗೆ, ಋಷಿಗಳಿಗೆ, ಪಿತೃಗಳಿಗೆ, ಕಾಗೆ ನಾಯಿ ಆಕಳಿಗೆ, ಮನೆ ಬಾಗಿಲಿಗೆ ಬಂದ ಮನುಷ್ಯನಿಗೆ. ದಡ ಬಿಟ್ಟವನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಈ ಐದನ್ನೂ ಬಿಟ್ಟಿರುತ್ತಾನೆ. ಬಿಟ್ಟೆಯಲ್ಲ ಎಂದು ಕೇಳುವ ನೆರೆಯವರೂ ಅಲ್ಲಿಲ್ಲ. ಯಾರಿಗೂ ಏನೂ ಕೊಡಬೇಕಾಗಿಲ್ಲದ ಬದುಕು ರುಚಿಸಿಬಿಟ್ಟರೆ ಮನುಷ್ಯ ಕೆಡುತ್ತಾನೆ ಎಂಬ ಹೆದರಿಕೆ ಅದು.

ನಮ್ಮ ಊರಿಗೂ ಈ ಪ್ರಶ್ನೆಗೂ ಹಳೆಯ ನಂಟಿದೆ. 1892ರ ಅಕ್ಟೋಬರಿನಲ್ಲಿ ವಿವೇಕಾನಂದರು ಬೆಳಗಾವಿಗೆ ಬಂದರು. ಮೊದಲು ಭಾಟೆ ವಕೀಲರ ಮನೆಯಲ್ಲಿ ಇಳಿದರು. ಊಟವಾದ ಮೇಲೆ ಎಲೆ ಅಡಿಕೆ, ತಂಬಾಕು ಕೇಳಿದರು. ಸಂನ್ಯಾಸಿ ತಂಬಾಕು ಕೇಳುವುದೆಂದರೇನು ಎಂದು ಮನೆಯವರು ಬೆರಗಾದರು. ಅಲ್ಲಿಂದ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಗೆ ಹೋದರು. ಅವರಿದ್ದ ಆ ಜಾಗ ಕೋಟೆಯೊಳಗೆ ರಾಮಕೃಷ್ಣ ಮಿಷನ್ನಿನ ಆಶ್ರಮವಾಗಿದೆ. ಷಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಹೋಗುವ ಆಸೆಯನ್ನು ಅವರು ಮಿತ್ರರ ಎದುರು ಹೇಳಿಕೊಂಡರು; ಮಿತ್ರರು ಚಂದಾ ಎತ್ತುತ್ತೇನೆ ಎಂದರು; ಸ್ವಾಮೀಜಿ ಬೇಡವೆಂದರು. ಮರುವರ್ಷ ಮೇ 31ರಂದು ಮುಂಬೈಯಿಂದ ಹಡಗು ಹತ್ತಿದರು. ಮರಳಿ ಬಂದ ಮೇಲೆ ಕಡಲು ದಾಟಿದ ಸಂನ್ಯಾಸಿ ಎಂದು ಆಡಿಕೊಂಡವರು ಕಡಿಮೆಯಿರಲಿಲ್ಲ.

ಅದಕ್ಕೂ ಮುಂಚೆ, 1888ರಲ್ಲಿ, ಮುಂಬೈಯ ಮೋಢ ಬನಿಯಾ ಜಾತಿಯ ಪಂಚರು ಹದಿನೆಂಟರ ಹುಡುಗನೊಬ್ಬನನ್ನು ಜಾತಿಯಿಂದ ಹೊರಗೆ ಹಾಕಿದರು. ಇಂಗ್ಲೆಂಡಿಗೆ ಹೊರಟಿದ್ದೇ ಅವನ ತಪ್ಪು. ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡ. ತಿರುಗಿ ಬಂದ ಮೇಲೆ ಅಣ್ಣ ಅವನನ್ನು ನಾಸಿಕಕ್ಕೆ ಕರೆದೊಯ್ದು ಗೋದಾವರಿಯಲ್ಲಿ ಸ್ನಾನ ಮಾಡಿಸಿದ. 1924ರ ಡಿಸೆಂಬರಿನಲ್ಲಿ ಅದೇ ಮೋಹನದಾಸ ಗಾಂಧಿ ನಮ್ಮ ಟಿಳಕವಾಡಿಯಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಅವರು ಅಧ್ಯಕ್ಷರಾದದ್ದು ಅದೊಂದೇ ಸಲ. ಅಧಿವೇಶನಕ್ಕೆಂದು ತೋಡಿದ ಕಾಂಗ್ರೆಸ್ ಬಾವಿಯ ಪಕ್ಕದಲ್ಲಿ ನಾನು ದಿನಾ ತಿರುಗಾಡುತ್ತೇನೆ. ಇದು ಬರೀ ಹಳೆಯ ಕಥೆಯೂ ಅಲ್ಲ. 2008ರ ಉಡುಪಿ ಪರ್ಯಾಯದ ಹೊತ್ತಿಗೆ, ವಿದೇಶಕ್ಕೆ ಹೋಗಿ ಬಂದ ಪುತ್ತಿಗೆ ಶ್ರೀಗಳು ಕೃಷ್ಣನನ್ನು ಮುಟ್ಟಿ ಪೂಜಿಸಬಹುದೇ ಎಂದು ಆಕ್ಷೇಪ ಎದ್ದಿತ್ತು. ಅದೇ ಶ್ರೀಗಳು 2024ರಲ್ಲಿ ಮತ್ತೆ ಪರ್ಯಾಯ ಪೀಠ ಏರಿದರು.

ವಿವೇಕಾನಂದರು, ಗಾಂಧಿ, ಈ ಇಬ್ಬರು ದೊಡ್ಡವರು ಹೋದದ್ದು ಹೊಣೆ ಹೊತ್ತುಕೊಂಡು. ನಾವು ಹೋದದ್ದು ಹೊಣೆ ಇಳಿಸಿಟ್ಟು. ನನ್ನ ಪ್ರಶ್ನೆ ಇರುವುದು ಇಲ್ಲಿ.

ಅದನ್ನು ಬಿಡಿಸುವ ಮುಂಚೆ, ಹೋಗುವವರಿಗೆ ಉಪಯೋಗವಾಗಲಿ ಎಂದು ಹಡಗಿನ ಬಗ್ಗೆ ಒಂದಿಷ್ಟು ಹೇಳಿಬಿಡುತ್ತೇನೆ. ಬ್ಯಾಗುಗಳನ್ನು ಬಂದರಿನಲ್ಲೇ ಕೊಟ್ಟುಬಿಡಬೇಕು, ಅವು ಕೋಣೆಗೆ ತಡವಾಗಿ ಬರುತ್ತವೆ. ಗುಳಿಗೆ, ಮಗುವಿನ ಬಟ್ಟೆ, ಆಧಾರ್ ಕಾರ್ಡ್ ಕೈಚೀಲದಲ್ಲೇ ಇರಲಿ. ಹಡಗು ಬಿಡುವಾಗ ಅಪಾಯದಲ್ಲಿ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಕಟ್ಟಬೇಕು ಎಂದು ತೋರಿಸುತ್ತಾರೆ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಕಿಟಕಿಯಿಲ್ಲದ ಒಳಕೋಣೆ ಅಗ್ಗ, ಆದರೆ ಅಲ್ಲಿ ಹಗಲು ರಾತ್ರಿ ಗೊತ್ತಾಗುವುದಿಲ್ಲ. ತಲೆ ತಿರುಗುವವರು ಕೆಳಗಿನ ಅಂತಸ್ತಿನಲ್ಲಿ ನಡುಭಾಗದ ಕೋಣೆ ಕೇಳಿ ಪಡೆಯಲಿ, ಅಲ್ಲಿ ತೊನೆತ ಕಡಿಮೆ. ದಡ ದೂರವಾದಂತೆ ಫೋನು ಸುಮ್ಮನಾಗುತ್ತದೆ. ಮಕ್ಕಳನ್ನು ಆಡಿಸಲು ಬೇರೆ ಕೋಣೆ, ಆಡಿಸುವವರೂ ಇರುತ್ತಾರೆ.

ಮಡಿಯ ಚಿಂತೆ ನನಗೆ ಇತ್ತು. ಮೊಮ್ಮಗನೂ ಕೇಳಿದ್ದ: ‘ಅಜ್ಜಿ, ಹಡಗಿನ್ಯಾಗ ಏಕಾದಶಿ ಹೆಂಗ ಮಾಡ್ತಿ?’ ಏನೂ ಕಷ್ಟವಾಗಲಿಲ್ಲ. ಒಮ್ಮೆ ಹೇಳಿದ್ದಕ್ಕೆ ಹಣ್ಣು, ಹಾಲು ಬಂತು. ಉಳಿದ ದಿನ ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದ ಊಟ ಬೇರೆಯೇ ಇತ್ತು. ಬೆಳಿಗ್ಗೆ ಮೇಲಟ್ಟಕ್ಕೆ ಹೋದರೆ ಸೂರ್ಯನಿಗೂ ನನಗೂ ನಡುವೆ ಅಡ್ಡ ಏನೂ ಇಲ್ಲ. ಗೋವಾ ಹತ್ತಿರ ಬಂದಾಗ ಅಳಿಯಂದಿರು ಮಾಂಡೋವಿಯ ಮುಖ ತೋರಿಸಿದರು. ಅದು ನಮ್ಮ ಖಾನಾಪುರ ತಾಲೂಕಿನಲ್ಲಿ ಹುಟ್ಟಿದ ಮಹದಾಯಿಯೇ. ಕಣಕುಂಬಿಯ ಮಲಪ್ರಭೆ ಮೂಡಲಿಗೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತಾಳೆ, ಇವಳು ಪಡುವಲಿಗೆ ಇಳಿಯುತ್ತಾಳೆ. ನಮ್ಮ ಕಾಡಿನ ನೀರೇ ಎರಡೂ ಕಡಲಿಗೆ ಹೋಗುತ್ತಿರುವಾಗ ಕಡಲನ್ನು ಮೈಲಿಗೆ ಎನ್ನಲು ನನಗೆ ನಾಲಿಗೆ ಏಳಲಿಲ್ಲ.

ಐದು ಯಜ್ಞಗಳಲ್ಲಿ ಅಲ್ಲಿ ನಡೆಯದೆ ಹೋದದ್ದು ಮನುಷ್ಯಯಜ್ಞ. ಅತಿಥಿ ಎಂದು ಕರೆದು ಉಣ್ಣಿಸಲು ಯಾರೂ ಇಲ್ಲ. ಎಲ್ಲರೂ ದುಡ್ಡು ಕೊಟ್ಟು ಬಂದವರು. ನಾವೇ ಅತಿಥಿಗಳು, ಆದರೆ ಮನೆಯೊಡೆಯನ ಮುಖ ಕಾಣುವುದಿಲ್ಲ.

ಕಂಡದ್ದು ಕೋಣೆ ಒಪ್ಪ ಮಾಡಲು ಬರುವ ಹುಡುಗ. ಮೊಮ್ಮಗ ನೋಡಲಿ ಎಂದು ಹಾಸಿಗೆಯ ಮೇಲೆ ಟವೆಲಿನ ಆನೆ ಮಾಡಿದ. ದೊಡ್ಡ ಟವೆಲನ್ನು ಎರಡೂ ತುದಿಯಿಂದ ನಡುವಿನವರೆಗೆ ಸುತ್ತಿ, ಮಡಚಿ ನಿಲ್ಲಿಸಿದ; ನಾಲ್ಕು ಕಾಲಾಯಿತು. ಚಿಕ್ಕದನ್ನು ಮೂಲೆ ಮಡಚಿ ಒಳಗೆ ಸುತ್ತುತ್ತ ಬಂದ, ಸೊಂಡಿಲಾಯಿತು. ಎರಡು ಕಿವಿ ಬೆರಳಿನಿಂದ ಬಿಡಿಸಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿ, ಎಡಗಿವಿಯನ್ನು ಮತ್ತೆ ತುಸು ಎಳೆದ. ನಮ್ಮ ಮಾತು ಕೇಳಿಸಿಕೊಂಡು ಕೊಂಕಣಿ ಬೆರೆತ ಕನ್ನಡದಲ್ಲಿ ‘ನಾನೂ ಖಾನಾಪುರ ಕಡೆಯವನರಿ, ಅಜ್ಜಿ’ ಎಂದ. ಲೋಂಡಾದಾಚೆಯ ಹಳ್ಳಿ. ಎಂಟು ತಿಂಗಳ ಕರಾರು. ಮಗಳ ತೊಟ್ಟಿಲ ಶಾಸ್ತ್ರ ಫೋನಿನಲ್ಲಿ ನೋಡಿದ್ದಾನೆ. ಅವಳಿಗಿನ್ನೂ ಆನೆ ಮಾಡಿಕೊಟ್ಟಿಲ್ಲ.

ಮನೆಮಂದಿಯೆಲ್ಲ ಕೂಡಿ ಹೋಗಲು ಹೇಳಿಮಾಡಿಸಿದ ಹಡಗು ಎನ್ನುತ್ತಾರೆ. ಅದನ್ನು ನಡೆಸುವವರು ಮನೆಮಂದಿಯನ್ನು ಬಿಟ್ಟು ಬಂದವರು. ಹಡಗಿನ ಕೆಲಸಗಾರರಿಗಾಗಿ 2006ರ ಅಂತರರಾಷ್ಟ್ರೀಯ ಒಪ್ಪಂದವಿದೆ, ಭಾರತ 2015ರಲ್ಲಿ ಒಪ್ಪಿಕೊಂಡಿದೆ. ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಇರಬೇಕೆಂಬುದು ಅದರಲ್ಲಿನ ಒಂದು ಲೆಕ್ಕ. ಅಂದರೆ ಒಂದು ದಿನ 14 ಗಂಟೆ ದುಡಿಸಿದರೂ ನಿಯಮದೊಳಗೇ ಇದೆ. 2020ರಲ್ಲಿ ಕೊರೊನಾ ಬಂದಾಗ ನಾವು ಮನೆಯೊಳಗೆ ಕೂತೆವು. ಕರಾರು ಮುಗಿದರೂ ಇಳಿಯಲಾಗದೆ ಜಗತ್ತಿನಲ್ಲಿ ಸುಮಾರು 4 ಲಕ್ಷ ನಾವಿಕರು ಹಡಗುಗಳಲ್ಲೇ ಉಳಿದರು.

ಈಗ ಬೌಧಾಯನ ಹೇಳಿದ ಪ್ರಾಯಶ್ಚಿತ್ತ ನೆನಪು ಮಾಡಿಕೊಳ್ಳಿ. ಹಗಲೆಲ್ಲ ನಿಂತಿರುವವನು ಯಾರು? ಎಲ್ಲರ ಊಟವಾದ ಮೇಲೆ, ಹೊತ್ತು ಮೀರಿ, ಸಿಕ್ಕಷ್ಟು ಉಣ್ಣುವವನು ಯಾರು? ದಾಟಿದ್ದು ನಾನು. ನನ್ನ ಪ್ರಾಯಶ್ಚಿತ್ತವನ್ನು ಆ ಹುಡುಗ ಮಾಡುತ್ತಿದ್ದಾನೆ, ಅದೂ ನಾನು ಹಡಗು ಇಳಿದ ಮೇಲೂ. ಹಡಗಿನ ದೋಷ ಎಲ್ಲಾದರೂ ಇದ್ದರೆ ಇಲ್ಲಿದೆ ಎಂದು ಭಾವನವರಿಗೆ ಹೇಳಿದೆ.

ಅವರು ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: ‘ಹಂಗಾದ್ರ ಹೋಗೋದನ್ನ ಬಿಡಬೇಕಲ್ಲ?’ ಬಿಟ್ಟರೆ ಅವನ ಸಂಬಳ ನಿಲ್ಲುತ್ತದೆ. ಅವನೇ ಹೇಳಿದ್ದ, ಗೋವಾದ ಹೋಟೆಲಿನಲ್ಲಿ ಇಷ್ಟು ಸಿಗುವುದಿಲ್ಲ ಎಂದು. ಇಳಿಯುವ ದಿನ ಲಕೋಟೆಯಲ್ಲಿ ದುಡ್ಡು ಇಟ್ಟು ಬಂದೆವು, ಸರಿಯೇ; ಅದು ಋಣ ತೀರಿಸಿದಂತಲ್ಲ. ಅವನು ಕಾಣದವರ ಮಕ್ಕಳಿಗೆ ಉಣ್ಣಿಸಿ ಆಡಿಸಿದ್ದಾನೆ. ಮನುಷ್ಯಯಜ್ಞ ಮಾಡಿದವನು ಅವನು, ತಪ್ಪಿಸಿಕೊಂಡವಳು ನಾನು.

ಶ್ರಾದ್ಧದ ಅಡಿಗೆ ನಾನೇ ಮಾಡಿದೆ. ಭಾವ ಉಂಡರು, ತೃಪ್ತಿ ಎಂದರು. ಆ ಹುಡುಗನ ಕರಾರು ಆಷಾಢಕ್ಕೆ ಮುಗಿಯುತ್ತದೆ. ಶ್ರಾವಣದಲ್ಲಿ ಅವನನ್ನು, ಹೆಂಡತಿ ಮಗುವನ್ನು, ತಂದೆತಾಯಿಯನ್ನು ಖಾನಾಪುರದ ಮನೆಗೆ ಊಟಕ್ಕೆ ಕರೆಯಬೇಕೆಂದಿದ್ದೇನೆ. ಭಾವ ಹಳ್ಳಿಯ ಹೆಸರನ್ನು ಪಂಚಾಂಗದ ಅಂಚಿನಲ್ಲಿ ಬರೆದುಕೊಂಡಿದ್ದಾರೆ, ಬಸ್ಸಿನ ವೇಳೆಯನ್ನೂ ವಿಚಾರಿಸಿದ್ದಾರೆ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂಡಬೇಕು ಎಂದು ನಾನು ಹೇಳಿದ್ದೇನೆ. ಅದಕ್ಕೆ ಅವರು ಇನ್ನೂ ಹೂಂ ಅಂದಿಲ್ಲ.