ಪರಿಪೂರ್ಣತೆಯ ಖರ್ಚು ಯಾರ ಲೆಕ್ಕಕ್ಕೆ?

ಕಳೆದ ಭಾನುವಾರ ಪುಣೆಯ ಮಳೆ ಮನೆಯಲ್ಲೇ ಕೂರಿಸಿತು. ಹಾಗಾಗಿ ‘ಪರ್ಸಿಸ್ಟೆನ್ಸ್ ಆಫ್ ವಿಷನ್’ ನೋಡಿದೆ. ರಿಚರ್ಡ್ ವಿಲಿಯಮ್ಸ್ ಅವರ ‘ದಿ ಥೀಫ್ ಆ್ಯಂಡ್ ದಿ ಕಾಬ್ಲರ್’ ಎಂಬ ಅನಿಮೇಷನ್ ಚಿತ್ರ ಹೇಗೆ ಮುಗಿಯದೇ ಹೋಯಿತು ಎಂದು ಹೇಳುವ ಈ ಸಾಕ್ಷ್ಯಚಿತ್ರವನ್ನು ಕೆವಿನ್ ಶ್ರೆಕ್ 2012ರಲ್ಲಿ ಮಾಡಿದ್ದಾರೆ. ನೋಡಿದಾಗಿನಿಂದ ಒಂದು ಪ್ರಶ್ನೆ ಕಾಡುತ್ತಿದೆ. ಕೆಲಸ ಪರಿಪೂರ್ಣವಾಗಿರಲಿ ಎಂದು ಬಯಸುವ ಹಕ್ಕು ನನಗಿದೆ, ಸರಿ. ಅದರ ಖರ್ಚನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆಯುವ ಹಕ್ಕಿದೆಯೇ?

1964ರ ಸುಮಾರಿಗೆ ಲಂಡನ್ನಿನಲ್ಲಿ, ಮುಲ್ಲಾ ನಸ್ರುದ್ದೀನನ ಕಥೆಗಳಿಂದ ಶುರುವಾದ ಕೆಲಸವದು. ನಡುವೆ ಕಥೆಯೇ ಬದಲಾಯಿತು. ವಿಲಿಯಮ್ಸ್ ಜಾಹೀರಾತು ಚಿತ್ರಗಳಲ್ಲಿ ದುಡಿದದ್ದನ್ನು ಇದಕ್ಕೆ ಸುರಿದರು. ಕೆನ್ ಹ್ಯಾರಿಸ್, ಆರ್ಟ್ ಬ್ಯಾಬಿಟ್‌ರಂಥ ಹಿರಿಯರನ್ನು ಕರೆಸಿಕೊಂಡು ತಾವೂ ಕಲಿತರು, ಕಿರಿಯರಿಗೂ ಕಲಿಸಿದರು. ಎಲ್ಲ ಕೈಯಲ್ಲೇ ಬರೆದದ್ದು. ಸೆಕೆಂಡಿಗೆ 12 ಚಿತ್ರ ಸಾಕೆನ್ನುವಲ್ಲಿ ಇವರಿಗೆ 24 ಬೇಕು. 1988ರ ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ ಆಸ್ಕರ್ ತಂದುಕೊಟ್ಟ ಮೇಲೆ ದೊಡ್ಡ ಹಣ ಬಂತು, ಜೊತೆಗೆ ಗಡುವೂ ಬಂತು. ಗಡುವು ಮೀರಿತು. 1992ರಲ್ಲಿ ಚಿತ್ರವನ್ನು ಅವರ ಕೈಯಿಂದ ಕಿತ್ತುಕೊಂಡು, ಹಾಡು ಸೇರಿಸಿ, ಬೇರೆಯವರಿಂದ ಮುಗಿಸಲಾಯಿತು.

ಸಾಕ್ಷ್ಯಚಿತ್ರದಲ್ಲಿ ಮಾತಾಡುವವರು ಜೊತೆಗೆ ದುಡಿದವರು. ವಿಲಿಯಮ್ಸ್ ಅದಕ್ಕಾಗಿ ಮಾತಾಡಲಿಲ್ಲ. ಆ ದುಡಿಮೆಯ ದಣಿವು ಅವರ ಮಾತಿನಲ್ಲಿದೆ, ಆದರೆ ಅಭಿಮಾನವೂ ಇದೆ. ನನ್ನನ್ನು ಕಲಕಿದ್ದು ಆ ಅಭಿಮಾನ.

ಯಾಕೆಂದರೆ ಹೋದ ವರ್ಷ ಚೌತಿಗೆ ಶಿರಸಿಗೆ ಹೊರಟಿದ್ದ ನಮ್ಮ ಟೀಮಿನ ಹುಡುಗನೊಬ್ಬನನ್ನು ನಾನು ತಡೆದಿದ್ದೆ. ಆ್ಯಪಿನ ಒಂದು ಪುಟ ನನ್ನ ಮನಸ್ಸಿಗೆ ಒಪ್ಪಿರಲಿಲ್ಲ, ಅಷ್ಟೇ. “ಪರವಾಗಿಲ್ಲ ಅಕ್ಕ” ಎಂದು ಬಸ್ಸಿನ ಟಿಕೆಟ್ ರದ್ದು ಮಾಡಿದ. ಪುಟ ಚೆನ್ನಾಗಿಯೇ ಬಂತು. ಅವನೂ ಹೆಮ್ಮೆಪಟ್ಟ. ಎರಡು ತಿಂಗಳಲ್ಲಿ ಆ ಪುಟವನ್ನೇ ತೆಗೆದುಹಾಕಿದರು.

ಹಾಗಾದರೆ ಗಡುವೇ ಧರ್ಮವೇ? ಹಾಗೂ ಅನ್ನಿಸುವುದಿಲ್ಲ. ಗಡುವಿಗೆ ತಲೆಬಾಗಿ ಮುಗಿಸಿದ ಆ ಚಿತ್ರವನ್ನು ಇಂದು ಜನ ನೆನೆಯುವುದು, ಅದರಲ್ಲಿ ಉಳಿದಿರುವ ವಿಲಿಯಮ್ಸ್ ಅವರ ಹಟಕ್ಕಾಗಿಯೇ. ಹಟವಿಲ್ಲದೆ ಒಳ್ಳೆಯದೇನೂ ಹುಟ್ಟುವುದಿಲ್ಲ. ಹಟ ಹಿಡಿದವರು ಮೊದಲು ತಮ್ಮದನ್ನು ಸುರಿಯಬೇಕು, ವಿಲಿಯಮ್ಸ್ ಸುರಿದರು ಕೂಡ. ಆದರೆ ಜೊತೆಗಿದ್ದವರ ವರ್ಷಗಳು ಅವರವಲ್ಲ. ‘ಒಪ್ಪಿಯೇ ಬಂದರಲ್ಲ’ ಎನ್ನಬಹುದು. ಕೆಲಸ ಕೊಟ್ಟವರೆದುರು ಹೇಳುವ ‘ಹೂಂ’ ಎಷ್ಟು ಸ್ವತಂತ್ರ? ಪರವೂರಿನಲ್ಲಿ, ನಮ್ಮದೇ ಭಾಷೆಯಲ್ಲಿ ಅಕ್ಕ ಎನ್ನುವ ಹುಡುಗ ನನಗೆ ‘ಇಲ್ಲ’ ಎನ್ನುವುದಾದರೂ ಹೇಗೆ? ಆ ಸಲಿಗೆಯನ್ನೇ ನಾನು ಖರ್ಚು ಮಾಡಿದ್ದೆ.

2013ರಲ್ಲಿ ವಿಲಿಯಮ್ಸ್ ತಮ್ಮ ಅರೆಬರೆ ಪ್ರತಿಯನ್ನು ‘ಎ ಮೊಮೆಂಟ್ ಇನ್ ಟೈಮ್’ ಎಂಬ ಉಪಶೀರ್ಷಿಕೆ ಕೊಟ್ಟು, ಆಸ್ಕರ್ ಕೊಡುವ ಅಕಾಡೆಮಿಯಲ್ಲಿ ಇದ್ದ ಹಾಗೆಯೇ ತೋರಿಸಿದರು. ಮುಗಿಯದ್ದನ್ನು ಮುಗಿಯದ್ದೆಂದೇ ಒಪ್ಪಿಕೊಳ್ಳಲು ಅವರಿಗೆ ಇಪ್ಪತ್ತು ವರ್ಷ ಹಿಡಿಯಿತು.

ಈ ಸಲ ಚೌತಿಗೆ ಟಿಕೆಟ್ ಮಾಡಿಸಿದೆಯಾ ಎಂದು ಸೋಮವಾರ ಆ ಹುಡುಗನನ್ನು ಕೇಳಿದೆ. “ಇನ್ನೂ ಇಲ್ಲ ಅಕ್ಕ, ಕೆಲಸ ನೋಡ್ಕೊಂಡು ಮಾಡಿಸ್ತೀನಿ” ಅಂದ. ನನ್ನೆದುರೇ ಮಾಡಿಸು ಅಂದೆ.