ತೋರಿಸಿದಷ್ಟೇ ಬೆಟ್ಟ
ಮೈಸೂರಿನಿಂದ ಬೆಳಿಗ್ಗೆ ಹೊರಟು ಊಟಿ ನೋಡಿಕೊಂಡು ರಾತ್ರಿ ಮರಳುವ ಪ್ರವಾಸದಲ್ಲಿ, ಗೈಡು ತೋರಿಸಿದಷ್ಟೇ ಬೆಟ್ಟ ನಮಗೆ ಕಾಣುತ್ತದೆ. ಚಹಾ ತೋಟ ಬಂದರೆ ಆತ ಪ್ರಕೃತಿಯ ಸೊಬಗು ಎನ್ನುತ್ತಾನೆ. ಆ ಹಸಿರು 19ನೆಯ ಶತಮಾನದಿಂದೀಚೆಗೆ ಮನುಷ್ಯ ನೆಟ್ಟದ್ದು. ಮೊದಲಿದ್ದುದು ಶೋಲಾ ಕಾಡು, ತೋಡರ ಎಮ್ಮೆಗಳು ಮೇಯುತ್ತಿದ್ದ ಹುಲ್ಲುಗಾವಲು. ನಾವು ನೀಲಗಿರಿ ಎಂದೇ ಕರೆಯುವ ಮರ ಕೂಡ ಆಸ್ಟ್ರೇಲಿಯಾದಿಂದ ಬಂದದ್ದು!

ತಿಳಿಯದೆ ಪಟ್ಟ ಸಂತೋಷ ತಪ್ಪೇ? ಅಲ್ಲವೆಂದೇ ನನ್ನ ಎಣಿಕೆ. ಗೈಡನ್ನು ದೂರುವಂತೆಯೂ ಇಲ್ಲ. ಹತ್ತು ನಿಮಿಷದ ನಿಲುಗಡೆಯಲ್ಲಿ ಜನ ಕೇಳಬಯಸುವುದನ್ನು ಆತ ಹೇಳುತ್ತಾನೆ. ಆದರೆ ತಿಳಿದ ಮೇಲೂ ಕೇಳದೆ ಉಳಿದರೆ, ನೆಲ ಕಳೆದುಕೊಂಡವರಿಗೆ ನಾವೂ ಬೆನ್ನು ತಿರುಗಿಸಿದಂತೆ. 2,637 ಮೀಟರ್ ಎತ್ತರದ ದೊಡ್ಡಬೆಟ್ಟದ ಇಳಿಜಾರಿನಲ್ಲಿ ಒಂದಿಷ್ಟು ಶೋಲಾ ಇನ್ನೂ ಉಳಿದಿದೆ. ಅದು ಎಲ್ಲಿ ಎಂದು ಬಸ್ಸಿನಲ್ಲಿ ಒಬ್ಬರಾದರೂ ಕೇಳಬೇಕು.